ಅತ್ತೆ ಮನೆಯ ಹಿತ್ತಿಲ ಬಾಗಿಲಿನ ಬಣ್ಣ

ಹರ್ಬರ್ಟ್ ಎಕರ್ಸ್‌ಲಿಯ ಹೆಂಡತಿ ಇವತ್ತು ಯಾವ ಬಣ್ಣದ ಕೋಟು ತೊಟ್ಟಿದ್ದಾಳೆ ಎಂದು ಕೇಳಿದರೆ ಅವನು ಹೇಳಲಾರ. ಹೆಂಡತಿ ಅದೇ ಕೋಟಿನಲ್ಲಿ ಎದುರಿಗೇ ನಿಂತಿದ್ದರೂ ತಡವರಿಸುತ್ತಾನೆ. ಆದರೆ 1904ನೇ ಇಸವಿಯಲ್ಲಿ ಸ್ಕೆಲ್ಬಿ ಮತ್ತು ವಾರ್ಲ್ ಕಣಿವೆ ರೈಲು ಕಂಪನಿಯ ನಾಲ್ಕನೇ ನಂಬರಿನ ಉಗಿ ಎಂಜಿನ್ನಿಗೆ ಯಾವ ಬಣ್ಣ ಬಳಿದಿದ್ದರು ಎಂದು ಕೇಳಿ ನೋಡಿ. ಕೇಳುವ ಮೊದಲು ಕುರ್ಚಿ ಎಳೆದುಕೊಂಡು ಕೂತುಬಿಡುವುದು ಕ್ಷೇಮ. ಉತ್ತರ ಮುಗಿಯುವ ಹೊತ್ತಿಗೆ ನಿಮ್ಮ ಚಹಾ ಎರಡು ಸಲ ಆರಿರುತ್ತದೆ.

ಆ ಉತ್ತರದ ಸಾರಾಂಶ ಒಂದೇ ಮಾತು: ಕೆಂಗಂದು. ಅದೂ ಅಂತಿಂಥ ಕೆಂಗಂದಲ್ಲ, ಬೀಟ್‌ರೂಟನ್ನು ಬೇಯಿಸಿ ವಿನೆಗರಿನಲ್ಲಿ ಹಾಕಿ ನಾಲ್ಕು ದಿನ ಮರೆತುಬಿಟ್ಟರೆ ಬರುವಂಥ ಕೆಂಗಂದು.

ಇಷ್ಟಕ್ಕೂ ಆ ಕಂಪನಿ ಮುಚ್ಚಿಹೋಗಿ ಒಂದು ತಲೆಮಾರು ಕಳೆದು ಇನ್ನೊಂದೂ ಮುಗಿಯುತ್ತಾ ಬಂದಿತ್ತು. ಅದರ ಎಂಜಿನ್ನುಗಳು ಗುಜರಿಗೆ ಹೋಗಿದ್ದವು, ಬಣ್ಣದ ಲೆಕ್ಕದ ಪುಸ್ತಕ ಬೆಂಕಿಗೆ ಹೋಗಿತ್ತು. ಉಳಿದದ್ದು ಏಳು ಫೋಟೋ, ಏಳೂ ಕಪ್ಪು-ಬಿಳುಪು. ಆ ಕಾಲದ ಕ್ಯಾಮೆರಾದ ಗಾಜಿನ ತಟ್ಟೆಗಳೋ, ಕೆಂಪು ಕಂಡರೂ ಕಪ್ಪು ಎನ್ನುತ್ತಿದ್ದವು, ಗಾಢ ಹಸಿರು ಕಂಡರೂ ಕಪ್ಪು ಎನ್ನುತ್ತಿದ್ದವು. ಹೀಗೆ ಯಾರಿಗೂ ಏನೂ ಗೊತ್ತಿಲ್ಲದ ವಿಷಯವಾದ್ದರಿಂದ ಜಗಳಕ್ಕೆ ಬಹಳ ಅನುಕೂಲವಾಗಿತ್ತು.

ಜಗಳದ ರಣರಂಗ ಸ್ಕೆಲ್ಬಿ ಮಾದರಿ ರೈಲು ಸಂಘ. ಇಪ್ಪತ್ತಾರು ಸದಸ್ಯರು, ಎಲ್ಲರಿಗೂ ಐವತ್ತು ದಾಟಿದೆ, ಎಲ್ಲರ ಅಂಗಿಯ ಜೇಬಿನಲ್ಲೂ ಒಂದು ಪುಟ್ಟ ಸ್ಕ್ರೂಡ್ರೈವರ್ ಇದೆ. ಗೇಣುದ್ದದ ಎಂಜಿನ್ನು ಮಾಡಿ, ಅದಕ್ಕೆ ಮೂರೇ ಕೂದಲಿನ ಕುಂಚದಿಂದ ಬಣ್ಣ ಬಳಿದು, ಭೂತಗನ್ನಡಿಯ ಕೆಳಗೆ ಉಸಿರು ಹಿಡಿದು ಕಂಪನಿಯ ಹೆಸರು ಬರೆಯುವುದು ಇವರ ವ್ರತ. ಬಣ್ಣ ಮತ್ತು ಅಕ್ಷರ ಇತಿಹಾಸದಲ್ಲಿ ಇದ್ದ ಹಾಗೆಯೇ ಇರಬೇಕು. ಯಾವುದು ಇತಿಹಾಸ ಎಂಬುದನ್ನು ಸಂಘದ 'ಬಣ್ಣದ ದಫ್ತರ' ಹೇಳುತ್ತದೆ. ದಫ್ತರದಲ್ಲಿ ಇಲ್ಲದ ಬಣ್ಣ ಬಳಿದು ಈಸ್ಟರ್ ಪ್ರದರ್ಶನಕ್ಕೆ ತಂದರೆ ಎಂಜಿನ್ನಿನ ಮುಂದೆ 'ಇತಿಹಾಸಕ್ಕೆ ವಿರುದ್ಧ' ಎಂಬ ಚೀಟಿ ಇಡುತ್ತಾರೆ. ಆ ಚೀಟಿ ಬಿದ್ದ ಒಬ್ಬ ಸದಸ್ಯ ಊರನ್ನೇ ಬಿಟ್ಟು ಹೋದನಂತೆ. (ವರ್ಗವಾಗಿತ್ತು ಎಂದು ಅವನ ಹೆಂಡತಿ ಹೇಳುತ್ತಾಳೆ. ಸಂಘದಲ್ಲಿ ಯಾರೂ ನಂಬುವುದಿಲ್ಲ.)

ದಫ್ತರದಲ್ಲಿ ನಾಲ್ಕನೇ ನಂಬರಿನ ಎಂಜಿನ್ನಿನ ಪುಟ ಮಾತ್ರ ಖಾಲಿ. ಅದು ಕೆಂಗಂದು ಎನ್ನುವವನು ಹರ್ಬರ್ಟ್. ಅವನ ಆಧಾರ, ಒಂದು ಹಳೆಯ ಬಣ್ಣದ ಅಂಚೆಕಾರ್ಡು. ಅದಕ್ಕೆ ಬಣ್ಣ ತುಂಬಿದವನು ಜರ್ಮನಿಯಲ್ಲೆಲ್ಲೋ ಕೂತಿದ್ದ ಪುಣ್ಯಾತ್ಮ. ಸ್ಕೆಲ್ಬಿಯನ್ನೂ ನೋಡಿರಲಿಲ್ಲ, ಎಂಜಿನ್ನನ್ನೂ ನೋಡಿರಲಿಲ್ಲ. ಅದೇ ಕಾರ್ಡಿನಲ್ಲಿ ಸ್ಟೇಷನ್ ಮಾಸ್ತರರ ನಾಯಿಯೂ ಕೆಂಗಂದಾಗಿದೆ. ಕಾರ್ಡು ತೋರಿಸುವಾಗ ಹರ್ಬರ್ಟ್ ನಾಯಿಯ ಮೇಲೆ ಹೆಬ್ಬೆರಳು ಇಟ್ಟುಕೊಳ್ಳುತ್ತಾನೆ.

ಅದು ಹಸಿರು ಎನ್ನುವವನು ಸಂಘದ ಕಾರ್ಯದರ್ಶಿ, ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು, ಮಿಸ್ಟರ್ ಲಂಬ್. ಅವನ ಆಧಾರ, ಎಂಜಿನ್ನಿಗೆ ಕಲ್ಲಿದ್ದಲು ತುಂಬುತ್ತಿದ್ದ, ಈಗ ತೀರಿಕೊಂಡಿರುವ ಒಬ್ಬ ಮುದಿ ಫೈರ್‌ಮನ್ ಹೇಳಿದ ಮಾತು. ಆ ಫೈರ್‌ಮನ್ ಕೊನೆಗಾಲದಲ್ಲಿ ಊರಿನ ಪಾದ್ರಿಯನ್ನೂ ಹಸಿರು ಎಂದಿದ್ದ ಎಂಬುದನ್ನು ಹರ್ಬರ್ಟ್ ಪ್ರತಿ ಸಭೆಯಲ್ಲೂ ನೆನಪಿಸುತ್ತಾನೆ. ಇಪ್ಪತ್ತೆರಡು ವರ್ಷದಿಂದ ಇಬ್ಬರೂ ಮುಖಾಮುಖಿ ಕೂತಿದ್ದಾರೆ, ಇನ್ನೂ ಒಬ್ಬರನ್ನೊಬ್ಬರು 'ಮಿಸ್ಟರ್' ಎಂದೇ ಕರೆಯುತ್ತಾರೆ.

ಇನ್ನು ಹರ್ಬರ್ಟನ ಪ್ರಾಣ ಎಲ್ಲಿದೆ ಎಂದರೆ ಮಹಡಿಯ ಮೇಲಿನ ಪುಟ್ಟ ಕೋಣೆಯಲ್ಲಿ. ಎಂಟಡಿ, ಹತ್ತಡಿ. ಅದರೊಳಗೆ 1904ರ ಜೂನ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹತ್ತು ನಲವತ್ತರ ಸ್ಕೆಲ್ಬಿ ಸ್ಟೇಷನ್ನು ಮೇಜುಗಳ ಮೇಲೆ ಹರಡಿಕೊಂಡಿದೆ. ಹತ್ತೊಂಬತ್ತು ವರ್ಷದ ದುಡಿಮೆ. ಅಂಚೆ ಕಚೇರಿಯಲ್ಲಿ ಮೇಲಧಿಕಾರಿಯ ಬೈಗುಳ ತಿಂದು ಬಂದ ದಿನ, ತಮ್ಮ ಸತ್ತ ದಿನ, ನಿವೃತ್ತಿಯಾದ ದಿನ, ಅವನು ನೆಟ್ಟಗೆ ಹೋದದ್ದು ಆ ಕೋಣೆಗೇ. ಲೋಕದಲ್ಲಿ ಅವನ ಮಾತು ನಡೆಯುವ ಜಾಗ ಅದೊಂದೇ. ಹೆಂಡತಿ ಮ್ಯೂರಿಯಲ್ ಕಸ ತೆಗೆಯಲು ಒಳಗೆ ಬರಬೇಕಾದರೂ ಬಾಗಿಲ ಬಳಿಯ ಪುಟ್ಟ ಸಿಗ್ನಲ್ ಕೈಮರ ಇಳಿಯುವವರೆಗೆ ಕಾಯಬೇಕು.

ಆ ವರ್ಷ, ಅಂದರೆ 1979ರ ಫೆಬ್ರವರಿಯಲ್ಲಿ, ಮ್ಯೂರಿಯಲ್ ಕೈಮರವನ್ನು ಲೆಕ್ಕಿಸದೆ ಒಳಗೆ ಬಂದಳು.

"ಅಮ್ಮನ ಮನೆ ಹಿತ್ತಿಲ ಬಾಗಿಲು ಊದಿಕೊಂಡಿದೆಯಂತೆ. ಹೋಗಿ ಸ್ವಲ್ಪ ಅಂಚು ಕೆತ್ತಿ ಬಾ."

"ಈಗಲಾ? ನಾನು ಇಲ್ಲಿ ಎಂಜಿನ್ನಿನ ಬಫರಿಗೆ ಬಣ್ಣ..."

"ಅಮ್ಮನಿಗೆ ಎಂಬತ್ತೆರಡು, ಹರ್ಬರ್ಟ್. ಹಿತ್ತಿಲಿನ ಕಕ್ಕಸಿಗೆ ಹೋಗಬೇಕಾದ್ರೆ ಬಾಗಿಲಿಗೆ ಭುಜ ಕೊಟ್ಟು ತಳ್ಳಬೇಕು. ನಿನ್ನ ಬಫರಿಗೆ ಅಂಥ ಅರ್ಜೆಂಟೇನೂ ಇಲ್ಲ."

ಅತ್ತೆ ಏಡಾ ಇದ್ದದ್ದು ರೈಲ್ವೆ ಸಾಲುಮನೆಗಳಲ್ಲಿ. ಕಂಪನಿಯವರು ಕೆಲಸಗಾರರಿಗೆಂದು ಕಟ್ಟಿಸಿದ ಮನೆಗಳು. ಅವಳ ಅಪ್ಪ ಎಜ್ರಾ ಅಲ್ಲಿನ ಕಾರ್ಖಾನೆಯಲ್ಲಿ ಬಣ್ಣದವನಾಗಿದ್ದ. ಎಂಜಿನ್ನಿಗೆ ಬಣ್ಣ ಬಳಿದು ಅಕ್ಷರ ಬರೆಯುವ ಕೆಲಸ. ಆ ಸಾಲಿನ ಸಂಪ್ರದಾಯ ಸ್ಕೆಲ್ಬಿಯಲ್ಲಿ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಚಹಾ ತುಂಬಿಕೊಂಡು ಕೆಲಸಕ್ಕೆ ಹೋದ ತಗಡಿನ ಕ್ಯಾನು ಸಂಜೆ ಕಂಪನಿಯ ಬಣ್ಣ ತುಂಬಿಕೊಂಡು ಮನೆಗೆ ಬರುತ್ತಿತ್ತು. ಬಾಗಿಲು, ಕಿಟಕಿ, ಮೊಲದ ಗೂಡು, ಮಗುವಿನ ಗಾಡಿ, ಒಬ್ಬನ ಮರದ ಕಾಲು ಕೂಡ ಎಂಜಿನ್ನಿನ ಬಣ್ಣದಲ್ಲೇ ಇರುತ್ತಿತ್ತಂತೆ. ಇದನ್ನು ಕಳ್ಳತನ ಎಂದು ಯಾರೂ ಕರೆಯಲಿಲ್ಲ. 'ಉಳಿದದ್ದು' ಎನ್ನುತ್ತಿದ್ದರು.

ಹರ್ಬರ್ಟನಿಗೆ ಈ ಸಂಪ್ರದಾಯ ಬಾಯಿಪಾಠ. ಆದರೆ ಮೂವತ್ತೈದು ವರ್ಷದಿಂದ ತಾನು ಹಾದುಹೋಗುತ್ತಿದ್ದ ಅತ್ತೆಯ ಬಾಗಿಲೂ ಅದೇ ಸಾಲಿನದು ಎಂಬುದು ಅವನಿಗೆ ಹೊಳೆದದ್ದು, ಆ ದಿನ ಒದ್ದೆ ಉಪ್ಪುಕಾಗದದಿಂದ ಅಂಚು ಉಜ್ಜುತ್ತಾ ಕೂತಾಗ. ಮೊದಲು ಕೆನೆಬಣ್ಣ ಹೋಯಿತು. ಅದರ ಕೆಳಗೆ ಕಂದು ಬಂತು, ಬೂದಿ ಬಂತು, ಇನ್ನೊಂದು ಕೆನೆ ಬಂತು. ಈರುಳ್ಳಿ ಸೀಳಿದ ಹಾಗೆ ಸುತ್ತು ಸುತ್ತಾಗಿ ಒಂಬತ್ತು ಪದರ. ಎಲ್ಲಕ್ಕಿಂತ ಕೆಳಗೆ, ಮರಕ್ಕೆ ಅಂಟಿಕೊಂಡು, ನಾಲ್ಕು ದಿನ ಮರೆತ ಬೀಟ್‌ರೂಟು!

ಅವನು ಹಲಗೆಯ ಒಳಕ್ಕೆ ಇನ್ನೊಂದಿಷ್ಟು ಉಜ್ಜಿದ. ಕೆಂಗಂದಿನ ಮೇಲೆ ಚಿನ್ನದ ರೇಕಿನಲ್ಲಿ ಬರೆದ ಇಂಗ್ಲಿಷಿನ A ಎದ್ದು ಬಂತು, ಅದರ ಎಡಮಗ್ಗುಲಿಗೆ ಕೆಂಪು ನೆರಳು. ಪಕ್ಕದಲ್ಲಿ B, ಆಮೇಲೆ C. ಎಜ್ರಾ ಮನೆಯ ಬಾಗಿಲ ಮೇಲೆ ಅಕ್ಷರ ತಿದ್ದಿ ಅಭ್ಯಾಸ ಮಾಡಿದ್ದ!

"ಅಮ್ಮಾ!" ಎಂದು ಹರ್ಬರ್ಟ್ ಕೂಗಿದ. "ಈ ಬಾಗಿಲಿಗೆ ಮೊದಲ ಸಲ ಬಣ್ಣ ಹೊಡೆದೋರು ಯಾರು?"

"ನಮ್ಮಪ್ಪ," ಎಂದಳು ಏಡಾ, ಒಲೆಯ ಮುಂದಿನ ಕುರ್ಚಿಯಿಂದ ಏಳದೆ. "ಯಾಕೆ, ಸುಲೀತಾ ಇದೆಯಾ? ಬೇಗ ಮುಚ್ಚೋ ಮಾರಾಯ, ಗಾಳಿ ಬರ್ತಿದೆ."

ಇಷ್ಟೇ ಮಾತು ಆದದ್ದು. ಇನ್ನೊಂದು ಪ್ರಶ್ನೆ ಕೇಳುವ ವ್ಯವಧಾನ ಅವನಿಗಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಗುರುವಾರದ ಸಭೆಯಲ್ಲಿ ಹರ್ಬರ್ಟ್ ತನ್ನ ಶೋಧವನ್ನು ಸಾರಿದ. ಮಿಸ್ಟರ್ ಲಂಬ್ ಕನ್ನಡಕ ಒರೆಸಿಕೊಂಡ.

"ಬಾಗಿಲು ಎಲ್ಲಿದೆ, ಮಿಸ್ಟರ್ ಎಕರ್ಸ್‌ಲಿ?"

"ಬಾಗಿಲು ಎಲ್ಲಿರುತ್ತೆ? ಮನೇಲಿದೆ."

"ಮೂಲ ಸಾಕ್ಷ್ಯವನ್ನು ಸಮಿತಿಯ ಮೇಜಿನ ಮೇಲೇ ಇಡಬೇಕು. ಹದಿನಾಲ್ಕನೇ ನಿಯಮ. ಬರೆದೋರು ನೀವೇ ಅಂತ ನೆನಪು."

ಬರೆದವನು ಹರ್ಬರ್ಟನೇ. ಸತ್ತ ಫೈರ್‌ಮನ್ನನ್ನು ಮೇಜಿನ ಮೇಲೆ ಇಡಲಾಗುವುದಿಲ್ಲ ಎಂಬ ಧೈರ್ಯದಿಂದ ಬರೆದಿದ್ದ. ಈಗ ವಿಧಿಯಿಲ್ಲದೆ ಮರುದಿನ ಹೋಗಿ ಕೀಲು ಬಿಚ್ಚಿ, ಬಾಗಿಲನ್ನು ಕಾರಿನ ನೆತ್ತಿಗೆ ಕಟ್ಟಿಕೊಂಡು ಬಂದ. ಹಿತ್ತಿಲ ಬಾಗಿಲಿದ್ದ ಜಾಗಕ್ಕೆ ಹಳೆಯ ಕಂಬಳಿಯನ್ನು ಮೊಳೆ ಹೊಡೆದು ಕೂರಿಸಿ ಬಂದಿದ್ದ. ಅಳಿಯನಾದವನಿಗೆ ಅಷ್ಟು ಜವಾಬ್ದಾರಿ ಇಲ್ಲದಿದ್ದರೆ ಹೇಗೆ? ಅವನು ಮನೆ ತಲುಪುವಷ್ಟರಲ್ಲಿ ಏಡಾ ಎರಡು ಸೂಟ್‌ಕೇಸ್ ಸಮೇತ ಟ್ಯಾಕ್ಸಿಯಲ್ಲಿ ಅಲ್ಲಿಗೆ ಬಂದಿಳಿದಿದ್ದಳು.

"ಹಿಮ ಬೀಳ್ತಾ ಇರೋವಾಗ ಅಮ್ಮನ ಮನೆ ಬಾಗಿಲು ಕಿತ್ಕೊಂಡು ಬಂದಿದೀಯಲ್ಲ, ನಿನಗೆ ತಲೆ ನೆಟ್ಟಗಿದೆಯಾ?" ಎಂದಳು ಮ್ಯೂರಿಯಲ್.

"ಬರೋ ಗುರುವಾರದವರೆಗೆ ಅಷ್ಟೆ ಕಣೇ. ಬೇಕಾದ್ರೆ ಹೊಸ ಬಾಗಿಲು ಹಾಕಿಸ್ತೀನಿ."

"ಹೊಸದಾ?" ಏಡಾ ಹ್ಯಾಟು ತೆಗೆಯುತ್ತಾ ಹೇಳಿದಳು. "ನಮ್ಮಪ್ಪ ಬಣ್ಣ ಹೊಡೆದ ಬಾಗಿಲು ಮತ್ತೆ ಬರೋವರೆಗೆ ನಾನು ಆ ಮನೆಗೆ ಕಾಲಿಡೋಳಲ್ಲ, ಹರ್ಬರ್ಟ್. ನನ್ನ ಹಾಸಿಗೆ ಎಲ್ಲಿ?"

ಮನೆಯಲ್ಲಿ ಹೆಚ್ಚಿಗೆ ಇದ್ದದ್ದು ಒಂದೇ ಕೋಣೆ. ಯಾವುದು ಎಂದು ಹೇಳಬೇಕಾಗಿಲ್ಲ.

ಹರ್ಬರ್ಟ್ ಬೇಡಿಕೊಂಡದ್ದಕ್ಕೆ ಮೇಜುಗಳನ್ನು ಮುರಿಯಲಿಲ್ಲ. ಮಂಚವನ್ನೇ ಅವುಗಳ ಕೆಳಗೆ ತೂರಿಸಿದರು. ಏಡಾಳ ಕಾಲು ವಾರ್ಲ್ ಸೇತುವೆಯ ಕೆಳಗೆ, ತಲೆ ಸರಕಿನ ಅಂಗಳದ ಹೊರಗೆ. ಎರಡನೇ ದಿನ ಅವಳ ಕಾಲುಚೀಲಗಳು ಕೈಮರದ ಮೇಲೆ ಒಣಗುತ್ತಿದ್ದವು. ಮೂರನೇ ದಿನ, ಎಂಜಿನ್ ತಿರುಗಿಸುವ ಗುಂಡು ತಟ್ಟೆಯ ಮೇಲೆ ಒಂದು ಗಾಜಿನ ಲೋಟ, ಅದರಲ್ಲಿ ಅವಳ ಹಲ್ಲಿನ ಸೆಟ್ಟು. ಹತ್ತು ನಲವತ್ತರ ಗಾಡಿಗೆ ಕಾದು ನಿಂತಿದ್ದ ಪುಟ್ಟ ಪ್ರಯಾಣಿಕರೆಲ್ಲ ಆ ಹಲ್ಲನ್ನೇ ನೋಡುತ್ತಿರುವಂತೆ ಹರ್ಬರ್ಟನಿಗೆ ಕಂಡಿತು. ಗುರುವಾರ ಬರಲಿ ಎಂದುಕೊಂಡ.

ಗುರುವಾರ ಬಂತು. ಸಮಿತಿಯು ಒಂದು ವರ್ಣನಿರ್ಣಯ ಉಪಸಮಿತಿಯನ್ನು ನೇಮಿಸಿತು. ಮುಂದಿನ ಗುರುವಾರ ಉಪಸಮಿತಿಯು ಒಂದು ಅಕ್ಷರವಿಚಾರ ಮಂಡಳಿಯನ್ನು ನೇಮಿಸಿತು. ಅದರ ಮುಂದಿನ ಗುರುವಾರ ಮಂಡಳಿಗೆ ನೆಗಡಿಯಾಗಿತ್ತು (ಮಂಡಳಿಯಲ್ಲಿ ಇದ್ದದ್ದು ಒಬ್ಬನೇ). ಇತ್ತ ಮನೆಯಲ್ಲಿ ಏಡಾ ಮೊದಮೊದಲು ಗೊಣಗುತ್ತಿದ್ದಳು: ಚಹಾ ತೆಳ್ಳಗೆ, ಟೋಸ್ಟು ಗಟ್ಟಿ, ಸೇತುವೆಯಿಂದ ದೂಳು ಉದುರುತ್ತದೆ. ಮೂರು ವಾರ ಕಳೆಯುವಷ್ಟರಲ್ಲಿ ಗೊಣಗಾಟ ತಾನಾಗಿ ಕಡಿಮೆಯಾಯಿತು. ಅದು ಒಳ್ಳೆಯ ಲಕ್ಷಣ ಎಂದು ಹರ್ಬರ್ಟ್ ತಿಳಿದ.

ಇದರ ನಡುವೆ ಮಿಸ್ಟರ್ ಲಂಬ್ ಒಂಟಿಯಾಗಿ ಸಂಘದ ಕೋಣೆಯಲ್ಲಿ ಬಾಗಿಲ ಮುಂದೆ ಕೂರತೊಡಗಿದ. ದ್ರಾವಣ ತಂದ, ಸೂಕ್ಷ್ಮದರ್ಶಕ ತಂದ. ಬಣ್ಣದಲ್ಲಿ ಸೀಸವಿದೆ, ವಯಸ್ಸು ಸರಿಯಾಗಿದೆ, ಚಿನ್ನ ಅಪ್ಪಟ ಚಿನ್ನ. ಮಾರ್ಚ್ ಕೊನೆಯ ಗುರುವಾರ ಅವನು ಎದ್ದು ನಿಂತಾಗ ಮುಖ ಬಿಳಿಚಿಕೊಂಡಿತ್ತು.

"ಇಪ್ಪತ್ತೆರಡು ವರ್ಷ ನಾನು ತಪ್ಪು ಹೇಳಿದೆ," ಎಂದ. "ಅದು ಕೆಂಗಂದು. ಮಿಸ್ಟರ್ ಎಕರ್ಸ್‌ಲಿ, ನಿಮ್ಮ ಕೈ ಕೊಡಿ."

ಹರ್ಬರ್ಟನ ಕಣ್ಣು ತುಂಬಿ ಬಂತು. ಬದುಕಿನಲ್ಲಿ ಅವನು ಗೆದ್ದದ್ದು ಅದೇ ಮೊದಲು. ಅಭ್ಯಾಸವಿಲ್ಲದ್ದರಿಂದ ಎರಡೂ ಕೈ ಕೊಟ್ಟುಬಿಟ್ಟ. ಕೆಂಗಂದು ಮತ್ತು ನೆರಳಿನ ಚಿನ್ನದಕ್ಷರ ದಫ್ತರದಲ್ಲಿ ದಾಖಲಾದವು. ಲಂಬ್ ತನ್ನ ಹನ್ನೊಂದು ಹಸಿರು ಎಂಜಿನ್ನುಗಳ ಬಣ್ಣ ಕೆರೆದು ಮತ್ತೆ ಬಳಿಯುವುದಾಗಿ ಶಪಥ ಮಾಡಿದ. ಕೊನೆಗೆ ಇನ್ನೊಂದು ಠರಾವು: ಇಂಥ ಅಮೂಲ್ಯ ಬಾಗಿಲು ಮಳೆ-ಗಾಳಿಗೆ ಹಾಳಾಗಬಾರದು, ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಂಘದ ಗೋಡೆಗೆ ಶಾಶ್ವತವಾಗಿ ನಿಲ್ಲಿಸತಕ್ಕದ್ದು. ಎಲ್ಲರೂ ಕೈ ಎತ್ತಿದರು. ಗೆಲುವಿನ ಅಮಲಿನಲ್ಲಿ ಹರ್ಬರ್ಟನೂ ಎತ್ತಿದ.

'ಶಾಶ್ವತವಾಗಿ' ಎಂಬ ಮಾತು ಅವನ ತಲೆಗೆ ಹೊಕ್ಕದ್ದು ಮನೆಯ ಗೇಟಿನ ಹತ್ತಿರ ಬಂದಾಗ. ಮಹಡಿಯ ಕಿಟಕಿಯಲ್ಲಿ ಏಡಾಳ ಟೀಪಾಟು ಕಂಡಿತು.

ಆದರೂ ಸಂಜೆ ಊಟಕ್ಕೆ ಕೂತಾಗ ಅವನು ಬೀಗುತ್ತಲೇ ಇದ್ದ. "ನಿಮ್ಮಪ್ಪ ಇನ್ನು ಅಮರ, ಅಮ್ಮ. ಎಂಜಿನ್ನಿಗೆ ಅವರು ಬಳಿದ ಕೆಂಗಂದು ದಫ್ತರದಲ್ಲಿ ಸೇರಿತು."

ಏಡಾ ಸಾಸೇಜು ಕತ್ತರಿಸುವುದನ್ನು ನಿಲ್ಲಿಸಿದಳು. "ಎಂಜಿನ್ನಿಗೆ ಕೆಂಗಂದು ಬಳಿದ ಅಂತ ನಿನಗೆ ಯಾರು ಹೇಳಿದ್ದು?"

"ನೀವೇ ಹೇಳಿದ್ರಲ್ಲ, ಬಾಗಿಲಿಗೆ..."

"ಬಾಗಿಲಿಗೆ ಬಳಿದ ಅಂದೆ. ಎಂಜಿನ್ನಿಗೆ ಅಂದ್ನಾ? ಅದು ಗ್ರಿಮ್‌ಶಾ ಗಾಡಿ ಬಣ್ಣ. ಹಂದಿ ಮಾಂಸದ ಅಂಗಡಿ ಇತ್ತಲ್ಲ, ಅವರದು. ನಮ್ಮಪ್ಪ ಶನಿವಾರ ಮಧ್ಯಾಹ್ನ ಅವರ ಗಾಡಿಗೆ ಬಣ್ಣ ಹೊಡೆದು ಹೆಸರು ಬರೀತಿದ್ದ. ಮಿಕ್ಕಿದ ಬಣ್ಣ ಅವರೇ ಕೊಟ್ಟಿದ್ದು. ಆ ಚಿನ್ನದಕ್ಷರ ತಿದ್ದಿದ್ದೂ ಅದಕ್ಕೇ."

ಹರ್ಬರ್ಟ್ ಫೋರ್ಕನ್ನು ತಟ್ಟೆಯಲ್ಲಿಟ್ಟ. "ಆದರೆ... ಆ ಸಾಲಲ್ಲಿ ಎಲ್ಲರೂ ಕಂಪನಿ ಬಣ್ಣ ತಾನೇ ತರ್ತಿದ್ದದ್ದು?"

"ಎಲ್ಲರೂ ತರೋರು, ನಮ್ಮ ಮನೆ ಒಂದು ಬಿಟ್ಟು. ನಮ್ಮಮ್ಮ ತಪ್ಪದೆ ಚಾಪೆಲ್ಲಿಗೆ ಪ್ರಾರ್ಥನೆಗೆ ಹೋಗೋಳು. ಕದ್ದ ಬಣ್ಣ ನನ್ನ ಬಾಗಿಲು ಮುಟ್ಟಕೂಡದು ಅಂತ ಹಟ ಹಿಡಿದಿದ್ಳು."

"ಹಾಗಾದ್ರೆ ಎಂಜಿನ್ನು? ಎಂಜಿನ್ನು ಯಾವ ಬಣ್ಣ, ಅಮ್ಮ?"

"ಹಸಿರು," ಎಂದಳು ಏಡಾ, ಸಾಸೇಜಿಗೆ ಸಾಸಿವೆ ಹಚ್ಚುತ್ತಾ. "ಬಿಳೀ ಅಕ್ಷರ. ಆ ದರಿದ್ರ ಕಂಪನಿಗೆ ಚಿನ್ನ ಎಲ್ಲಿಂದ ಬರಬೇಕು?"

ಇಡೀ ಸಾಲಿನಲ್ಲಿ ಪ್ರಾಮಾಣಿಕವಾಗಿದ್ದದ್ದು ಒಂದೇ ಮನೆ, ಹರ್ಬರ್ಟ್ ಹುಡುಕಿ ಹುಡುಕಿ ಅದರ ಬಾಗಿಲನ್ನೇ ಕಿತ್ತು ತಂದಿದ್ದ! ಇಪ್ಪತ್ತಾರು ಜನ ಗಣ್ಯರು ಹಂದಿ ಮಾಂಸದ ಗಾಡಿಯ ಬಣ್ಣವನ್ನು ಎಂಜಿನ್ನುಗಳಿಗೆ ಬಳಿಯುತ್ತಿದ್ದಾರೆ. ಸರಿ ಹೇಳುತ್ತಿದ್ದ ಲಂಬ್ ತಪ್ಪೊಪ್ಪಿಕೊಂಡು ಕೈ ಕುಲುಕಿದ್ದಾನೆ. ಹರ್ಬರ್ಟನಿಗೆ ನಾಚಿಕೆಯಿಂದ ಕಿವಿ ಸುಟ್ಟ ಹಾಗಾಯಿತು. ಎರಡು ವಾರ ಅವನಿಗೆ ಊಟ ಸೇರಲಿಲ್ಲ. ಹೇಳಿದರೆ ಮಾನ ಹೋಗುತ್ತದೆ; ಹೇಳದಿದ್ದರೆ ಬಾಗಿಲು ಗಾಜಿನೊಳಗೇ ಇರುತ್ತದೆ, ಅತ್ತೆ ಸೇತುವೆಯ ಕೆಳಗೇ ಇರುತ್ತಾಳೆ. ಯಾವ ಕಡೆ ಹೊರಳಿದರೂ ಮುಳ್ಳು ಚುಚ್ಚುತ್ತಿತ್ತು.

ಮ್ಯೂರಿಯಲ್ ಅದನ್ನು ಎರಡು ಮಾತಿನಲ್ಲಿ ಬಗೆಹರಿಸಿದಳು. "ನಿಜ ಹೇಳಿದ್ರೆ ನಿನಗೆ ಕೋಣೆ ಸಿಗುತ್ತೆ. ಸುಳ್ಳೇ ಇರಲಿ ಅಂದ್ರೆ ಅಮ್ಮ ಸಿಗ್ತಾಳೆ. ಯಾವುದು ಬೇಕೋ ನೀನೇ ನೋಡ್ಕೋ."

"ನಿನಗೆ ಯಾವುದು ಬೇಕು?"

"ನನ್ನನ್ನು ಯಾಕೆ ಕೇಳ್ತೀಯಾ? ಕೋಣೆಗೆ ಹೋದ್ರೆ ನೀನು ಮಾತಾಡಲ್ಲ. ಅಮ್ಮ ಮಾತು ನಿಲ್ಲಿಸಲ್ಲ. ನನಗೆ ಎರಡೂ ಒಂದೇ."

ಹರ್ಬರ್ಟ್ ಸತ್ಯದ ಪಕ್ಷ ಸೇರಿದ. ಸತ್ಯಕ್ಕಾಗಿ ಎಂದು ಅವನು ಇವತ್ತಿಗೂ ಹೇಳುತ್ತಾನೆ. ಎಂಟಡಿ ಹತ್ತಡಿಗಾಗಿ ಎಂದು ಬಲ್ಲವರಿಗೆ ಗೊತ್ತು. ಕಾರಿನ ಶೆಡ್ಡಿನಲ್ಲಿ ಕೂತು ತನ್ನ ನಾಲ್ಕನೇ ನಂಬರಿನ ಎಂಜಿನ್ನಿನ ಕೆಂಗಂದನ್ನೆಲ್ಲ ಕರಗಿಸಿ ತೆಗೆದು, ಹಸಿರು ಬಳಿದು, ಬಿಳಿಯಲ್ಲಿ ನೆರಳಿಲ್ಲದ ಅಕ್ಷರ ಬರೆದ. ಒಂದೊಂದು ಅಕ್ಷರಕ್ಕೂ ಲಂಬ್‌ನ ಮುಖ ನೆನಪಾಗಿ ಕೈ ತಡೆಯುತ್ತಿತ್ತು.

ಈಸ್ಟರ್ ಶನಿವಾರ ಚಾಪೆಲ್ಲಿನ ಸಭಾಂಗಣ ತುಂಬಿತ್ತು. ಮೇಜಿನ ಮೇಲೆ ಸಾಲಾಗಿ ಕೆಂಗಂದು ಎಂಜಿನ್ನುಗಳು. ಹಿಂದೆ ಗಾಜಿನ ಪೆಟ್ಟಿಗೆಯಲ್ಲಿ, ದೀಪದ ಬೆಳಕಿನಲ್ಲಿ, ಅತ್ತೆ ಮನೆಯ ಹಿತ್ತಿಲ ಬಾಗಿಲು. ಹರ್ಬರ್ಟ್ ತನ್ನ ಹಸಿರು ಎಂಜಿನ್ನನ್ನು ಮೇಜಿನ ಮೇಲಿಟ್ಟು ಗಂಟಲು ಸರಿಮಾಡಿಕೊಂಡ. ಸಾಲುಮನೆ, ಚಾಪೆಲ್ಲು, ಗ್ರಿಮ್‌ಶಾ ಗಾಡಿ, ಎಲ್ಲವನ್ನೂ ಹೇಳಿ, "ತಪ್ಪು ನನ್ನದು. ಮಿಸ್ಟರ್ ಲಂಬ್ ಮೊದಲಿನಿಂದಲೂ ಸರಿ ಹೇಳಿದ್ರು. ಬಾಗಿಲನ್ನ ವಾಪಸ್ಸು ಕೊಟ್ಟುಬಿಡಿ," ಎಂದು ಮುಗಿಸಿದ.

ಲಂಬ್ ಅಪ್ಪಿಕೊಳ್ಳುತ್ತಾನೆ ಎಂದು ಅವನು ಎಣಿಸಿದ್ದ. ಲಂಬ್‌ನ ಮೀಸೆ ಅದುರಿತು.

"ನಾನು ಸರಿ ಅಂತ ಹೇಳೋಕೆ ನೀವ್ಯಾರ್ರೀ?" ಎಂದ. "ಹನ್ನೊಂದು ಎಂಜಿನ್ನು ಕೆರೆದಿದ್ದೀನಿ! ನಲವತ್ತು ಪುಟದ ಪ್ರಬಂಧ ಅಚ್ಚಿಗೆ ಹೋಗಿದೆ! ಸೀಸ ಸುಳ್ಳು ಹೇಳುತ್ತಾ? ಚಿನ್ನ ಸುಳ್ಳು ಹೇಳುತ್ತಾ?"

"ಅತ್ತೆಯವರೇ ಹೇಳಿದ್ದು..."

"ಹಾಗಾದ್ರೆ ಅವರೇ ಬಂದು ಹೇಳಲಿ."

ಏಡಾ ಅಲ್ಲೇ ಇದ್ದಳು. ಚಹಾದ ಮೇಜಿನ ಹತ್ತಿರ ಮ್ಯೂರಿಯಲ್ ಪಕ್ಕ ಕೂತು ಎರಡನೇ ತುಂಡು ಕೇಕು ತಿನ್ನುತ್ತಿದ್ದಳು. ಕೈಹಿಡಿದು ಕರೆತಂದು ಗಾಜಿನ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿದರು.

"ಅಮ್ಮ," ಎಂದ ಹರ್ಬರ್ಟ್, ಧ್ವನಿಯಲ್ಲಿ ಜೇನು ಸುರಿಸಿ, "ನನಗೆ ಹೇಳಿದ್ದನ್ನೇ ಇವರಿಗೂ ಹೇಳಿ. ಇವರು ಒಪ್ಪಿದ್ರೆ ನಿಮ್ಮ ಬಾಗಿಲು ನಿಮಗೆ ಸಿಗುತ್ತೆ. ನಾಳೇನೇ ಹಾಕಿಕೊಡ್ತೀನಿ. ನೀವು ನಾಳೆ ಸಂಜೆಗೆ ನಿಮ್ಮ ಮನೇಲಿರಬಹುದು."

ಏಡಾ ಬಾಗಿಲನ್ನು ನೋಡಿದಳು. ಹರ್ಬರ್ಟನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕೈಚೀಲದಿಂದ ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡಳು.

"ಇದೇ ಬಣ್ಣ," ಎಂದಳು. "ದಿನಾ ಬೆಳಿಗ್ಗೆ ನಮ್ಮ ಮನೆ ಮುಂದೇನೇ ಹೋಗ್ತಿತ್ತು ಎಂಜಿನ್ನು. ಕಣ್ಣಾರೆ ಕಂಡಿದೀನಿ. ಚಿನ್ನದಕ್ಷರ, ಕೆಂಪು ನೆರಳು. ಬಿಸಿಲಿಗೆ ಎಷ್ಟು ಚೆನ್ನಾಗಿ ಹೊಳೀತಿತ್ತು ಅಂತೀರಾ!"

"ಅಮ್ಮಾ!"

"ಪಾಪ," ಏಡಾ ಲಂಬ್‌ನ ಕಡೆಗೆ ಬಾಗಿ, ಇಡೀ ಸಭಾಂಗಣಕ್ಕೆ ಕೇಳುವ ಪಿಸುಮಾತಿನಲ್ಲಿ ಹೇಳಿದಳು, "ಅಳಿಯನಿಗೆ ಈಚೆಗೆ ತಲೆಗೆ ಬಹಳ ಆಯಾಸ ಆಗಿದೆ. ಸರಿಯಾಗಿ ಊಟಾನೂ ಮಾಡ್ತಿಲ್ಲ. ಏನೂ ಅಂದ್ಕೋಬೇಡಿ."

ಚಪ್ಪಾಳೆ ಬಿತ್ತು. ಏಡಾಳನ್ನು ಅಲ್ಲೇ ಸಂಘದ ಗೌರವ ಸದಸ್ಯೆಯನ್ನಾಗಿ ಮಾಡಿ ಮೂರನೇ ತುಂಡು ಕೇಕು ಕೊಟ್ಟರು. ಲಂಬ್ ಹರ್ಬರ್ಟನ ಭುಜ ತಟ್ಟಿ, "ಸ್ವಲ್ಪ ದಿನ ಸಮುದ್ರತೀರಕ್ಕೆ ಹೋಗಿ ಬನ್ನಿ," ಎಂದು ಮೃದುವಾಗಿ ಹೇಳಿದ. ಹೇಳುತ್ತಲೇ ಇನ್ನೊಂದು ಕೈಯಿಂದ ಹಸಿರು ಎಂಜಿನ್ನಿನ ಮುಂದೆ ಚೀಟಿ ಇಟ್ಟ. ಚೀಟಿಯಲ್ಲಿ ಏನಿತ್ತು ಎಂದು ಓದುವ ಧೈರ್ಯ ಹರ್ಬರ್ಟನಿಗೆ ಆಗಲಿಲ್ಲ, ಓದುವ ಅಗತ್ಯವೂ ಇರಲಿಲ್ಲ.

ಮನೆಗೆ ಮರಳುವಾಗ ಮ್ಯೂರಿಯಲ್ ಕಾರು ನಡೆಸಿದಳು. ಮುಂದಿನ ಸೀಟಿನಲ್ಲಿ ಏಡಾ. ಹಿಂದೆ ಹರ್ಬರ್ಟ್, ತೊಡೆಯ ಮೇಲೆ ಎಂಜಿನ್ನು.

"ಯಾಕಮ್ಮ ಹೀಗೆ ಮಾಡಿದ್ರಿ?" ಎಂದು ಕೊನೆಗೆ ಕೇಳಿದ. ಅವನಿಗೆ ಕೋಪ ಕೂಡ ಬರುತ್ತಿರಲಿಲ್ಲ, ಅಷ್ಟು ಗಲಿಬಿಲಿಯಾಗಿತ್ತು.

"ಎಂಬತ್ತೆರಡು ಚಳಿಗಾಲ ಹಿಮ ತುಳ್ಕೊಂಡು ಹಿತ್ತಿಲಿಗೆ ಹೋಗಿ ಬಂದೋಳು ನಾನು," ಎಂದಳು ಏಡಾ, ಮುಂದಿನ ರಸ್ತೆಯನ್ನೇ ನೋಡುತ್ತಾ. "ನಿಮ್ಮನೇಲಿ ಕಕ್ಕಸು ನನ್ನ ಕೋಣೆ ಪಕ್ಕದಲ್ಲೇ ಇದೆ. ಗೋಡೆ ಬೆಚ್ಚಗಿರುತ್ತೆ. ನಲ್ಲಿ ತಿರುಗಿಸಿದ್ರೆ ಬಿಸಿನೀರು. ಆ ಬಾಗಿಲು ನನಗ್ಯಾಕೆ ಬೇಕು?"

'ನನ್ನ ಕೋಣೆ' ಎಂದಿದ್ದಳು. ಮ್ಯೂರಿಯಲ್‌ಳ ಭುಜಗಳು ಕುಲುಕುತ್ತಿದ್ದವು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಹಿಂದಿನಿಂದ ತಿಳಿಯುವಂತಿರಲಿಲ್ಲ.

"ಅದು ಹೋಗಲಿ," ಎಂದ ಹರ್ಬರ್ಟ್, ಅಳು ಬರುವ ಧ್ವನಿಯಲ್ಲಿ. "ನನಗೊಬ್ಬನಿಗಾದ್ರೂ ನಿಜ ಹೇಳಿ. ಎಂಜಿನ್ನು ಹಸಿರೋ, ಕೆಂಗಂದೋ? ಊಟಕ್ಕೆ ಕೂತಾಗ ಹೇಳಿದ್ದು ನಿಜವೋ, ಇವತ್ತು ಹೇಳಿದ್ದು ನಿಜವೋ?"

"ನಾನು ಆಗ ಏಳು ವರ್ಷದ ಹುಡುಗಿ ಕಣಪ್ಪ. ಅದು ಮಸಿ ಹಿಡಿದು ಕರ್ರಗಿತ್ತು. ಯಾವ ಬಣ್ಣ ಅಂತ ಯಾರು ಒರೆಸಿ ನೋಡಿದ್ರು?" ಏಡಾ ಕತ್ತು ತಿರುಗಿಸಿ ಅವನ ತೊಡೆಯ ಮೇಲಿನ ಎಂಜಿನ್ನನ್ನು ಒಂದು ಸಲ ನೋಡಿ, ಮತ್ತೆ ಮುಂದಕ್ಕೆ ತಿರುಗಿದಳು. "ಬಣ್ಣದ ವಿಷಯ ಅಂದಮೇಲೆ ನೆನಪಾಯ್ತು. ಆ ಮೇಜುಗಳನ್ನೆಲ್ಲ ತೆಗೆದಮೇಲೆ ಕೋಣೆಗೆ ಒಂದು ಕೈ ಬಣ್ಣ ಹೊಡೀಬೇಕು, ಹರ್ಬರ್ಟ್. ನನಗೆ ತಿಳಿನೀಲಿ ಅಂದ್ರೆ ಇಷ್ಟ."

ಹರ್ಬರ್ಟ್ ಆಗುವುದಿಲ್ಲ ಎನ್ನಬೇಕಾಗಿತ್ತು. ಹತ್ತೊಂಬತ್ತು ವರ್ಷದ ಸ್ಟೇಷನ್ನಿನ ಆಣೆ ಇಟ್ಟು ಕೂಗಾಡಬೇಕಾಗಿತ್ತು. ಬಾಯಿಯನ್ನೂ ತೆರೆದ. ಆದರೆ ಹಾಳು ಬಾಯಿ ಅದರ ಪಾಡಿಗೆ ಅದು ಬೇರೆಯೇ ಕೇಳಿಬಿಟ್ಟಿತು:

"ತಿಳಿನೀಲಿ ಅಂದ್ರೆ ಯಾವ ತಿಳಿನೀಲಿ, ಅಮ್ಮ?"